ಹೆಗಲು ಹಿಡಿದುಕೊಂಡಾಗ ಕೈಯನ್ನು ಎಷ್ಟು ಎಳೆಯಬೇಕು?

ಪ್ರಶ್ನೆ: ನನಗೆ 52 ವರ್ಷ, ಮಧುಮೇಹವಿದೆ. ಐದು ತಿಂಗಳಿಂದ ಎಡ ಹೆಗಲು ನೋಯುತ್ತಿದೆ. ಈಗ ಬಾಚಣಿಗೆ ಹಿಡಿದ ಕೈ ತಲೆಯವರೆಗೆ ಏರುವುದಿಲ್ಲ, ಬೆನ್ನ ಹಿಂದಕ್ಕೂ ಹೋಗುವುದಿಲ್ಲ. ರಾತ್ರಿ ಆ ಮಗ್ಗುಲಿಗೆ ಹೊರಳಿದರೆ ಎಚ್ಚರವಾಗುತ್ತದೆ. ಎಕ್ಸ್-ರೇ ಸರಿಯಾಗಿದೆ, ಇದು ಫ್ರೋಜನ್ ಶೋಲ್ಡರ್ ಎಂದು ವೈದ್ಯರು ಹೇಳಿದ್ದಾರೆ. ಫಿಸಿಯೋಥೆರಪಿಯಲ್ಲಿ ಕೈಯನ್ನು ಬಲವಾಗಿ ಎಳೆದ ಮೇಲೆ ಎರಡು ರಾತ್ರಿ ನಿದ್ದೆ ಬರಲಿಲ್ಲ. ನೋವು ಸಹಿಸಿಕೊಂಡು ಎಳೆಸಿಕೊಳ್ಳದಿದ್ದರೆ ಕೈ ಹೀಗೆಯೇ ಉಳಿದುಬಿಡುತ್ತದೆ ಎಂದು ಕೆಲವರು, ತಾನಾಗಿಯೇ ಬಿಡುತ್ತದೆ, ಸುಮ್ಮನಿರಿ ಎಂದು ಇನ್ನು ಕೆಲವರು ಹೇಳುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಹೆಗಲು ಈಗ ಯಾವ ಹಂತದಲ್ಲಿದೆ ಎಂಬುದನ್ನು ಮೊದಲು ತಿಳಿಯಬೇಕು. ಈ ತೊಂದರೆಯಲ್ಲಿ ಭುಜದ ಕೀಲನ್ನು ಸುತ್ತುವರಿದ ಚೀಲದಂಥ ಪೊರೆಗೆ, ಅಂದರೆ ಕ್ಯಾಪ್ಸೂಲಿಗೆ, ಮೊದಲು ಉರಿಯೂತ ಬರುತ್ತದೆ. ಆಮೇಲೆ ಅದು ದಪ್ಪಗಾಗಿ ಕುಗ್ಗುತ್ತದೆ. ಆರಂಭದ ತಿಂಗಳುಗಳಲ್ಲಿ ನೋವೇ ಮುಂದಾಗಿರುತ್ತದೆ, ನಂತರ ನೋವು ಇಳಿದು ಬಿಗಿತ ಉಳಿಯುತ್ತದೆ, ಕೊನೆಯ ಹಂತದಲ್ಲಿ ಚಲನೆ ನಿಧಾನವಾಗಿ ಮರಳುತ್ತದೆ. ಎಲ್ಲ ಸೇರಿ ಸಾಮಾನ್ಯವಾಗಿ 1ರಿಂದ 3 ವರ್ಷ ಹಿಡಿಯುತ್ತದೆ. ರಾತ್ರಿ ಎಚ್ಚರಿಸುವಷ್ಟು ನೋವಿದೆ ಎಂದರೆ ನೀವು ಬಹುಶಃ ಇನ್ನೂ ಮೊದಲ ಹಂತವನ್ನು ದಾಟಿಲ್ಲ. ಈ ಹೊತ್ತಿನಲ್ಲಿ ಊದಿಕೊಂಡ ಪೊರೆಯನ್ನು ಬಲವಂತದಿಂದ ಹಿಗ್ಗಿಸಿದರೆ ಅದು ಸಡಿಲವಾಗುವುದರ ಬದಲು ಮತ್ತಷ್ಟು ಕೆರಳುತ್ತದೆ. ನೀವು ಕಳೆದುಕೊಂಡ ಎರಡು ರಾತ್ರಿಯ ನಿದ್ದೆಗೆ ಇದೇ ಕಾರಣವಿರಬೇಕು.

ಹಾಗೆಂದು ಸುಮ್ಮನೆ ಕುಳಿತುಕೊಳ್ಳಿ ಎಂಬ ಸಲಹೆಯೂ ಸರಿಯಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ 77 ರೋಗಿಗಳನ್ನು ಎರಡು ವರ್ಷ ಗಮನಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ನೋವಿನ ಮಿತಿಯನ್ನೂ ಮೀರಿ ಕೈಯನ್ನು ಎಳೆಸಿಕೊಂಡವರ ಪೈಕಿ ಶೇ. 63ರಷ್ಟು ಮಂದಿಯ ಹೆಗಲು ಬಹುತೇಕ ಸಹಜ ಸ್ಥಿತಿಗೆ ಬಂದಿದ್ದರೆ, ನೋವಿನ ಮಿತಿಯೊಳಗೇ ವ್ಯಾಯಾಮ ಮಾಡಿದವರಲ್ಲಿ ಆ ಪ್ರಮಾಣ ಶೇ. 89ರಷ್ಟಿತ್ತು. ಒಂದೇ ಅಧ್ಯಯನವನ್ನು ಅಂತಿಮ ತೀರ್ಪೆಂದು ಎಣಿಸಬೇಕಿಲ್ಲ. ಆದರೆ ಎರಡನೆಯ ಗುಂಪಿನವರೂ ಕೈಯನ್ನು ಆಡಿಸುವುದನ್ನು ಬಿಟ್ಟಿರಲಿಲ್ಲ ಎಂಬುದನ್ನು, 'ತಾನಾಗಿಯೇ ಬಿಡುತ್ತದೆ' ಎನ್ನುವವರು ಗಮನಿಸುವುದೇ ಇಲ್ಲ.

ಈಗ ನಿಮಗೆ ಹೊಂದುವುದು ಲೋಲಕದಂತೆ ಕೈಯನ್ನು ತೂಗುವ ವ್ಯಾಯಾಮ. ಇದಕ್ಕೆ ಅಮೆರಿಕದ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್ ಅವರ ಹೆಸರೇ ಉಳಿದಿದೆ. ಬಲಗೈಯನ್ನು ಮೇಜಿನ ಮೇಲೆ ಊರಿ, ಸೊಂಟದಿಂದ ಮುಂದಕ್ಕೆ ಬಾಗಿ, ಎಡಗೈಯನ್ನು ಪೂರ್ತಿ ಸಡಿಲಬಿಟ್ಟು ಇಳಿಬಿಡಿ. ಆಮೇಲೆ ಕೈಯನ್ನು ಬೀಸಬಾರದು; ಮೈಯನ್ನು ಮೆಲ್ಲಗೆ ಹಿಂದೆಮುಂದೆ ತೂಗಿದಾಗ ಕೈ ತಾನಾಗಿ ಓಲಾಡಬೇಕು. ಹೆಚ್ಚಿನವರು ಎಡವುವುದು ಇಲ್ಲೇ: ಹೆಗಲಿನ ಸ್ನಾಯುಗಳಿಂದಲೇ ಕೈಯನ್ನು ಸುತ್ತಿಸಿದರೆ ಕೀಲಿಗೆ ಸಿಗಬೇಕಾದ ಸಡಿಲಿಕೆ ಸಿಗುವುದಿಲ್ಲ. ಇದರ ಜೊತೆಗೆ, ಕೈಯನ್ನು ಮೇಜಿನ ಮೇಲಿಟ್ಟು ಮುಂದಕ್ಕೆ ಜಾರಿಸುವುದನ್ನೂ ಮಾಡಬಹುದು. ದಿನಕ್ಕೊಮ್ಮೆ ದೀರ್ಘಕಾಲ ಮಾಡುವುದಕ್ಕಿಂತ ಕೆಲವು ನಿಮಿಷಗಳಂತೆ ಹಲವು ಸಲ ಮಾಡುವುದು ಮೇಲು. ಮಾಡುವಾಗ ಸ್ವಲ್ಪ ಸೆಳೆತ ಕಂಡರೆ ಅಂಜಬೇಕಿಲ್ಲ, ಆದರೆ ನಿಲ್ಲಿಸಿದ ಸ್ವಲ್ಪ ಹೊತ್ತಿನಲ್ಲೇ ಅದು ಇಳಿಯಬೇಕು. ರಾತ್ರಿಯ ನಿದ್ದೆ ಕೆಟ್ಟರೆ ಅಥವಾ ಮರುದಿನ ನೋವು ಹೆಚ್ಚಿದ್ದರೆ ಮಾಡಿದ್ದು ಅತಿಯಾಯಿತೆಂದೇ ಅರ್ಥ. ಮಲಗುವಾಗ ಬಲಮಗ್ಗುಲಾಗಿ, ಎಡಗೈಯನ್ನು ಎದೆಯ ಮುಂದಿನ ದಿಂಬಿನ ಮೇಲೆ ಇಟ್ಟುಕೊಳ್ಳಿ.

ನೋವು ತಗ್ಗಿ ಬಿಗಿತ ಮಾತ್ರ ಉಳಿದ ಮೇಲೆ ಚಿಕಿತ್ಸೆಯ ದಾರಿ ಬದಲಾಗುತ್ತದೆ, ಆಗ ಎಳೆತಕ್ಕೆ ನಿಜವಾದ ಕೆಲಸವಿದೆ. ಈ ಕಾಯಿಲೆಯಲ್ಲಿ ಹೆಚ್ಚಾಗಿ ಕುಗ್ಗುವುದು, ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ಮುಂಗೈಯನ್ನು ಹೊರಕ್ಕೆ ತಿರುಗಿಸುವ ಚಲನೆ. ಎರಡೂ ಕೈಯಲ್ಲಿ ಕೋಲು ಹಿಡಿದು, ಒಳ್ಳೆಯ ಕೈಯಿಂದ ನೋವಿರುವ ಕೈಯನ್ನು ಹೊರಕ್ಕೆ ತಳ್ಳಿ, ಬಿಗಿ ತಟ್ಟುವ ಜಾಗದಲ್ಲಿ 15ರಿಂದ 30 ಸೆಕೆಂಡು ಹಿಡಿಯುವುದು ಇದಕ್ಕೆ ಉಪಾಯ. ಬೆನ್ನ ಹಿಂದೆ ಟವೆಲ್ಲಿನಿಂದ ಕೈಯನ್ನು ಮೇಲಕ್ಕೆ ಎಳೆಯುವ ವ್ಯಾಯಾಮವನ್ನು ಎಲ್ಲರೂ ಮೊದಲು ಹೇಳಿಕೊಡುತ್ತಾರೆ; ಅದನ್ನು ಕೊನೆಗೆ ಇಟ್ಟುಕೊಳ್ಳುವುದೇ ಲೇಸು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಕೆರಳಿದ ಹೆಗಲು ಅದನ್ನು ತಾಳುವುದಿಲ್ಲ. ಚಿಕಿತ್ಸಕರು ತಮ್ಮ ಕೈಯಿಂದ ತೋಳಿನ ಮೂಳೆಯ ತಲೆಯನ್ನು ಹಿಂದಕ್ಕೆ ಜಾರಿಸುವ ವಿಧಾನವೂ ಇದೆ. 2007ರ ಒಂದು ಸಣ್ಣ ಪ್ರಯೋಗದಲ್ಲಿ, ಹೊರತಿರುವು ಮರಳಲು ಮೂಳೆಯನ್ನು ಮುಂದಕ್ಕಿಂತ ಹಿಂದಕ್ಕೆ ಜಾರಿಸುವುದೇ ಹೆಚ್ಚು ಫಲ ಕೊಟ್ಟಿತ್ತು. ಕನ್ನಡಿಯ ಮುಂದೆ ಕೈ ಎತ್ತಿ ನೋಡಿಕೊಳ್ಳಿ: ಹೆಗಲು ಕಿವಿಯತ್ತ ಏರುತ್ತಿದ್ದರೆ, ಕೀಲು ಆಡದೆ ಬೆನ್ನಿನ ರೆಕ್ಕೆಮೂಳೆ ಅದರ ಕೆಲಸ ಮಾಡುತ್ತಿದೆ ಎಂದರ್ಥ. ಎಷ್ಟು ಎತ್ತರಕ್ಕೆ ಹೋಯಿತು ಎಂಬ ಅಳತೆ ಆಗ ಮೋಸ ಮಾಡುತ್ತದೆ.

ನೋವು ತೀವ್ರವಾಗಿದ್ದರೆ ಕೀಲಿನೊಳಗೆ ಸ್ಟೀರಾಯ್ಡ್ ಇಂಜೆಕ್ಷನ್ ಪಡೆಯುವ ಬಗ್ಗೆ ವೈದ್ಯರೊಂದಿಗೆ ಮಾತನಾಡಿ. ಆರಂಭದಲ್ಲಿ ಅದು ನೋವನ್ನು ತಗ್ಗಿಸಿ ವ್ಯಾಯಾಮಕ್ಕೆ ದಾರಿ ಮಾಡಿಕೊಡುತ್ತದೆ. ಆದರೆ ಮಧುಮೇಹಿಗಳಲ್ಲಿ ಕೆಲವು ದಿನ ರಕ್ತದ ಸಕ್ಕರೆ ಏರುವುದರಿಂದ ತಪಾಸಣೆ ಹೆಚ್ಚಿಸಬೇಕು. ಮಧುಮೇಹಿಗಳಲ್ಲಿ ಈ ತೊಂದರೆ ಹೆಚ್ಚು ಸಾಮಾನ್ಯ, ಹೆಚ್ಚು ಹಠಮಾರಿ ಕೂಡ; ಇನ್ನೊಂದು ಹೆಗಲಿಗೂ ಬರಬಹುದು. ಶಸ್ತ್ರಚಿಕಿತ್ಸೆಗೆ ಅವಸರ ಬೇಡ. ಬ್ರಿಟನ್ನಿನಲ್ಲಿ 503 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇಂಜೆಕ್ಷನ್ ಸಹಿತ ಫಿಸಿಯೋಥೆರಪಿ, ಅರಿವಳಿಕೆಯಲ್ಲಿ ಕೈಯನ್ನು ತಿರುಗಿಸಿ ಬಿಡಿಸುವುದು, ಕೀಲಿನೊಳಗೆ ತೂರಿಸುವ ಸಣ್ಣ ಕ್ಯಾಮೆರಾದ (ಆರ್ತ್ರೋಸ್ಕೋಪ್) ನೆರವಿನಿಂದ ಪೊರೆಯನ್ನು ಕತ್ತರಿಸಿ ಸಡಿಲಿಸುವುದು, ಈ ಮೂರರಲ್ಲಿ ಯಾವುದೂ ಒಂದು ವರ್ಷದ ಕೊನೆಗೆ ಉಳಿದೆರಡಕ್ಕಿಂತ ಗಮನಾರ್ಹವಾಗಿ ಮೇಲೆನಿಸಲಿಲ್ಲ.

ಪ್ರಶ್ನೆ: ಅಲ್ಟ್ರಾಸೌಂಡ್ ಮತ್ತು ಕರೆಂಟಿನ ಯಂತ್ರಗಳಿಂದ ಹೆಗಲಿನ ಬಿಗಿತ ಬಿಡುತ್ತದೆಯೇ?

ಉತ್ತರ: ಬಿಗಿತ ಬಿಡಿಸುತ್ತವೆ ಎನ್ನಲು ಗಟ್ಟಿ ಆಧಾರವಿಲ್ಲ. ವ್ಯಾಯಾಮಕ್ಕೆ ಮೊದಲು ಹತ್ತು ಹದಿನೈದು ನಿಮಿಷ ಬಿಸಿ ಶಾಖ ಕೊಟ್ಟರೆ ಸ್ನಾಯುಗಳು ಸಡಿಲಗೊಂಡು ಹಿತವೆನಿಸುತ್ತದೆ, ಚರ್ಮದ ಮೇಲೆ ಪಟ್ಟಿ ಅಂಟಿಸಿ ಸಣ್ಣ ಕರೆಂಟು ಹಾಯಿಸುವ ಟೆನ್ಸ್ ಯಂತ್ರ ಕೆಲವರಿಗೆ ನೋವನ್ನು ಮರೆಸುತ್ತದೆ. ಮಧುಮೇಹದಿಂದ ಚರ್ಮದ ಸ್ಪರ್ಶಜ್ಞಾನ ಕಡಿಮೆಯಾಗಿದ್ದವರು ಶಾಖದಿಂದ ಸುಟ್ಟುಕೊಳ್ಳದಂತೆ ಎಚ್ಚರ ವಹಿಸಬೇಕು. ಆದರೆ ಮಂಚದ ಮೇಲೆ ಮಲಗಿಸಿ ಯಂತ್ರಗಳನ್ನಷ್ಟೇ ಇಟ್ಟು, ಕೈಯನ್ನು ಒಮ್ಮೆಯೂ ಅಳೆಯದೆ, ಮನೆಯಲ್ಲಿ ಮಾಡಬೇಕಾದ ವ್ಯಾಯಾಮವನ್ನೂ ತೋರಿಸದೆ ಕಳುಹಿಸುವ ಕಡೆಗೆ ವಾರಗಟ್ಟಲೆ ಹೋಗುವುದರಲ್ಲಿ ಅರ್ಥವಿಲ್ಲ. ಬಿದ್ದ ಮೇಲೆ ಇದ್ದಕ್ಕಿದ್ದಂತೆ ಕೈಯ ಬಲ ಹೋಗಿದ್ದರೆ, ಜ್ವರದ ಜೊತೆಗೆ ಕೀಲು ಊದಿ ಬಿಸಿಯಾಗಿದ್ದರೆ, ಅಥವಾ ತಾನು ಎತ್ತಲಾಗದ ಕೈಯನ್ನು ಇನ್ನೊಬ್ಬರು ಸಲೀಸಾಗಿ ಎತ್ತಬಲ್ಲವರಾದರೆ, ತೊಂದರೆ ಬೇರೆಯೇ ಇರಬಹುದು. ಆಗ ವ್ಯಾಯಾಮ ಆರಂಭಿಸುವ ಮೊದಲೇ ವೈದ್ಯರಿಗೆ ತೋರಿಸಿ.