ಸಂಸಾರದ ಕಥೆಗೆ ಆಡುಮಾತಿನ ಪದ್ಯ

ಪ್ರಶ್ನೆ: ಆಸ್ಟ್ರೇಲಿಯದ ಸಿ. ಜೆ. ಡೆನಿಸ್ ಅವರ ‘ದಿ ಸಾಂಗ್ಸ್ ಆಫ್ ಎ ಸೆಂಟಿಮೆಂಟಲ್ ಬ್ಲೋಕ್’ ಎಂಬ ಹಾಸ್ಯದ ಪದ್ಯಕಾದಂಬರಿ ಬೀದಿಮಾತಿನಲ್ಲಿಯೇ ಇದೆಯೆಂದು ಓದಿದೆ. ಗಂಡ-ಹೆಂಡತಿಯ ಸಂಸಾರವನ್ನು ನಮ್ಮ ಕಡೆಯ ಮಾತಿನಲ್ಲಿ ಹಾಗೆ ಬರೆದರೆ ಗ್ರಾಮ್ಯವೆನಿಸಿ ಹಗುರಾಗುವುದಿಲ್ಲವೇ?
— ಓದುಗರೊಬ್ಬರು, ಜಮಖಂಡಿ

ಉತ್ತರ: ಆ ಮಾತನ್ನಾಡುವವರನ್ನೇ ನೋಡಿ ಕವಿ ನಕ್ಕರೆ ಖಂಡಿತ ಹಗುರಾಗುತ್ತದೆ. 1915ರಲ್ಲಿ ಪ್ರಕಟವಾದ ಡೆನಿಸರ ಕೃತಿಯಲ್ಲಿ ಆ ದೋಷವಿಲ್ಲ. ಕುಡಿತ, ಜೂಜು, ಹೊಡೆದಾಟಗಳಲ್ಲಿ ಕಾಲ ಕಳೆದ ಬಿಲ್ ಅಲ್ಲಿ ತನ್ನ ಕಥೆಯನ್ನು ತಾನೇ ಹೇಳುತ್ತಾನೆ. ಉಪ್ಪಿನಕಾಯಿ ಕಾರ್ಖಾನೆಯಲ್ಲಿ ಚೀಟಿ ಅಂಟಿಸುವ ಡೊರೀನಳಿಗೆ ಮನಸೋತು, ಅವಳನ್ನು ಮದುವೆಯಾಗಿ, ಹಳ್ಳಿ ಸೇರಿ, ಮಗುವಿನ ತಂದೆಯಾಗುವವರೆಗೂ ಅವನ ನಾಲಗೆ ಬದಲಾಗುವುದಿಲ್ಲ. ಜಗಳಕ್ಕೆ ಒದಗಿದ ಮಾತೇ ಒಲವಿಗೂ ಒದಗುವುದರಿಂದ ನಾವು ನಗುತ್ತಲೇ ಅವನನ್ನು ಗೌರವಿಸುತ್ತೇವೆ. ನಮ್ಮಲ್ಲಿ ಜಿ. ಪಿ. ರಾಜರತ್ನಂ ಅವರ ‘ರತ್ನನ ಪದಗಳು’ ಕೃತಿಯ ಕುಡುಕ ರತ್ನ ತನ್ನ ಹೆಂಡತಿ ಪುಟ್ನಂಜಿಯನ್ನು ಹಾಡಿದ್ದೂ ಹೀಗೆಯೇ.

ಛಂದಸ್ಸಿಗಾಗಿ ತಾವು ದೂರ ಹೋಗಬೇಕಿಲ್ಲ. ವಿಜಯಪುರ ಜಿಲ್ಲೆಯ ‘ಹಲಸಂಗಿ ಗೆಳೆಯರು’ ಎಂಬ ಸಾಹಿತ್ಯ ಬಳಗದವರು 1931ರಲ್ಲಿ ಹೊರತಂದ ‘ಗರತಿಯ ಹಾಡು’ ಸಂಕಲನವನ್ನು ತೆರೆದು ನೋಡಿರಿ. ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣುಮಕ್ಕಳು ತವರು, ಅತ್ತೆ, ಗಂಡ, ಕೂಸು ಎಲ್ಲವನ್ನೂ ತ್ರಿಪದಿಯಲ್ಲಿ, ತಮ್ಮ ಮನೆಮಾತಿನಲ್ಲಿಯೇ ಹಾಡಿದ್ದಾರೆ. ಅದನ್ನು ಗ್ರಾಮ್ಯವೆಂದು ತಳ್ಳಿಹಾಕುವ ಧೈರ್ಯ ಯಾರಿಗಿದೆ? ಆ ಲಯದಲ್ಲಿ ಮುನಿಸನ್ನು ಹೀಗೆ ಹೇಳಬಹುದು:

ರೊಟ್ಟಿ ಸುಟ್ಟೈತಂತ ಸಿಟ್ಟೀಲೆ ಎದ್ದಾಂವ
ಕಟ್ಟೀಗಿ ಕುಂತು ಹಸದಾನ – ಒಳಗಿಂದ
ಬಟ್ಟಲದ ಸಪ್ಳ ಕರದೈತಿ

ಎರಡನೆಯ ಸಾಲಿನ ಕೊನೆಯ ತುಂಡು ಮೂರನೆಯದಕ್ಕೆ ಹೊರಳುವಲ್ಲಿ ಉಸಿರು ಒಂದು ಗಳಿಗೆ ನಿಲ್ಲುತ್ತದೆ. ನಗೆ ಹುಟ್ಟುವುದು ಆ ನಿಲುಗಡೆಯಲ್ಲಿ. ಆದರೆ ಕಾದಂಬರಿಯುದ್ದಕ್ಕೂ ತ್ರಿಪದಿಯೊಂದೇ ಇದ್ದರೆ ಓದುಗರು ದಣಿಯುತ್ತಾರೆ. ಜಗಳ, ಸಂತೆ, ಬೀಗರ ಊಟಗಳಿಗೆ ಬೇರೆ ಧಾಟಿಗಳನ್ನು ಹುಡುಕಿರಿ. ಬಿಲ್ಲನ ಕಥೆಯಲ್ಲಿ ಡೊರೀನಳನ್ನು ಅವನ ಕಣ್ಣಿನಿಂದ ಮಾತ್ರ ಕಾಣುತ್ತೇವೆ, ಅದು ನನಗೆ ಕೊರತೆಯೆನಿಸುತ್ತದೆ. ತಮ್ಮ ಕಾವ್ಯದಲ್ಲಿ ಹೆಂಡತಿಗೂ ಸ್ವಂತ ಅಧ್ಯಾಯಗಳಿರಲಿ, ಗಂಡ ಹೇಳಿದ್ದನ್ನು ಆಕೆ ‘ಸುಳ್ಳ ಹೇಳ್ತಾನ್ರೀ’ ಎಂದು ಅಲ್ಲಗಳೆಯಲಿ.

ಕಾಗುಣಿತದಲ್ಲಿ ಒಂದೇ ಕ್ರಮವನ್ನು ಪಾಲಿಸಿರಿ. ಒಂದು ಪುಟದಲ್ಲಿ ‘ಐತಿ’, ಇನ್ನೊಂದರಲ್ಲಿ ‘ಅದ’ ಬಂದರೆ ಹೇಳುವವನು ಯಾವ ಊರಿನವನೆಂಬುದೇ ತಿಳಿಯದು. ಮೈಸೂರು ಕಡೆಯ ಓದುಗರಿಗಾಗಿ ಡೆನಿಸರಂತೆ ಪುಸ್ತಕದ ಕೊನೆಗೆ ಪದಗಳ ಅರ್ಥ ಕೊಟ್ಟರೆ ಸಾಕು; ಪದ್ಯದ ನಡುವೆ ವಿವರಣೆ ಬೇಡ.