ನಲ್ಲಿ ನೀರಲ್ಲಿ ಪಿಫಾಸ್: ಹರಿವೆ ಸೊಪ್ಪಿಗೆ ಹಾಕಬಹುದಾ?

ಅಕ್ಕಾ, ಟೌನ್‌ನಿಂದ ಬಂದ ಪತ್ರದಲ್ಲಿ ನಲ್ಲಿ ನೀರಲ್ಲಿ ಪಿಎಫ್‌ಒಎ (ಪಿಫಾಸ್ ಎಂಬ ಸುಲಭಕ್ಕೆ ಕರಗಿಹೋಗದ ರಾಸಾಯನಿಕಗಳ ಗುಂಪಿನಲ್ಲಿ ಒಂದು) 18 ಪಿಪಿಟಿ ಅಂತ ಇದೆ, ಕಾಯಿಸಿ ಕುಡಿದರೆ ಸಾಕಾ, ಹರಿವೆ-ಮೆಂತ್ಯಕ್ಕೆ ಅದೇ ನೀರು ಹಾಕಬಹುದಾ ಎಂದು ಕೇಳಿದ್ದೀರಿ. ನಾನಿರುವುದೂ ನ್ಯೂಜೆರ್ಸಿಯಲ್ಲೇ. ನಮ್ಮ ಮನೆಗೂ ಇಂಥದ್ದೇ ಪತ್ರ ಬಂದಿತ್ತು.

ಕಾಯಿಸಿದರೆ ಪ್ರಯೋಜನ ಇಲ್ಲ. ಕಾಯಿಸಿ ಆರಿಸಿದ ನೀರು ಅಂದರೆ ನಮಗೆಲ್ಲ ಅಮ್ಮನ ಕಾಲದ ನಂಬಿಕೆ, ಅಲ್ವಾ? ಅದು ಕ್ರಿಮಿಗಳಿಗೆ ಸರಿ. ಪಿಫಾಸ್ ಕುದಿಯುವ ನೀರಿಗೆ ಜಗ್ಗುವುದಿಲ್ಲ. ನೀರು ಇಂಗಿದಷ್ಟೂ ಉಳಿದ ನೀರಲ್ಲಿ ಅದು ಜಾಸ್ತಿಯೇ ಆಗುತ್ತದೆ. ಈ ರಾಸಾಯನಿಕ ಇಷ್ಟು ಗಟ್ಟಿ ಎಂದೇ ಅಲ್ಲವೇ ಇದನ್ನು ಅಂಟದ ಬಾಣಲೆಗೂ, ಬೆಂಕಿ ಆರಿಸುವ ನೊರೆಗೂ ಬಳಸಿದ್ದು.

ಊರಿಂದ ತಂದ ಟಿಡಿಎಸ್ ಮೀಟರ್ ಇದ್ದರೆ ಅದನ್ನೂ ಎತ್ತಿಡಿ. ನಾನು ಏಮಾರಿದ್ದು ಅಲ್ಲೇ. ಅಂಗಡಿಯಿಂದ ಒಂದು ಫಿಲ್ಟರ್ ಜಗ್ ತಂದೆ. ಮೀಟರ್ ಅದ್ದಿ ನೋಡಿದರೆ ಅಂಕಿ ಅರ್ಧಕ್ಕಿಂತ ಕೆಳಗೆ. ಆರು ತಿಂಗಳು ನೆಮ್ಮದಿಯಾಗಿ ಕುಡಿದೆವು. ಆ ಮೀಟರ್ ತೋರಿಸುವುದು ಲೀಟರಿಗೆ ಎಷ್ಟು ಮಿಲಿಗ್ರಾಂ ಉಪ್ಪು ಅಂತ. ಪಿಪಿಟಿ ಅಂದರೆ ಲೀಟರಿಗೆ ನ್ಯಾನೊಗ್ರಾಂ, ಅದರ ಹತ್ತು ಲಕ್ಷದಲ್ಲಿ ಒಂದು ಪಾಲು. ಆ ಮೀಟರಿಗೆ ಅದು ಕಾಣುವುದೇ ಇಲ್ಲ.

18 ಎಷ್ಟು ಕೆಟ್ಟದ್ದು? ನ್ಯೂಜೆರ್ಸಿ 2020ರಲ್ಲಿ ಪಿಎಫ್‌ಒಎಗೆ 14ರ ಮಿತಿ ಇಟ್ಟಿತು. 2024ರಲ್ಲಿ ಕೇಂದ್ರದ ಪರಿಸರ ಸಂಸ್ಥೆ ಇಪಿಎ ದೇಶಕ್ಕೆಲ್ಲ 4ರ ಮಿತಿ ಇಟ್ಟಿತು. ಇವತ್ತು ಒಂದು ಲೋಟ ಕುಡಿದರೆ ಏನೂ ಆಗುವುದಿಲ್ಲ, ವರ್ಷಗಟ್ಟಲೆ ಕುಡಿಯುವುದೇ ತೊಂದರೆ. ವೆಸ್ಟ್ ವರ್ಜೀನಿಯಾದ ಪಾರ್ಕರ್ಸ್‌ಬರ್ಗ್ ಸುತ್ತ ಪಿಎಫ್‌ಒಎ ಸೇರಿದ ನೀರು ಕುಡಿದ ಸುಮಾರು 69,000 ಜನರ ರಕ್ತ ಪರೀಕ್ಷೆ ಮಾಡಿದ ಮೇಲೆ ಕೊಲೆಸ್ಟರಾಲ್, ಥೈರಾಯ್ಡ್, ಮೂತ್ರಪಿಂಡದ ಕ್ಯಾನ್ಸರ್ ಸೇರಿ ಆರು ಕಾಯಿಲೆಗಳಿಗೆ ಪಿಎಫ್‌ಒಎ ನಂಟು ಸಿಕ್ಕಿತು. ಟೌನ್‌ನವರು ಸರಿ ಮಾಡಲಿ ಎಂದು ಕಾಯುತ್ತಾ ಕೂರಬೇಡಿ. ಇಪಿಎ ಕೊಟ್ಟಿದ್ದ ಗಡುವು 2029. ಅದನ್ನೂ 2031ಕ್ಕೆ ಮುಂದೂಡುತ್ತೇವೆ ಅಂತ 2025ರಲ್ಲಿ ಹೇಳಿದ್ದಾರೆ.

ಸಿಂಕ್ ಕೆಳಗೆ ಒಂದು ಫಿಲ್ಟರ್ ಹಾಕಿಸಿ. ಆರ್‌ಒ ಆದರೆ ಪೆಟ್ಟಿಗೆ ಮೇಲೆ ಎನ್‌ಎಸ್‌ಎಫ್ (ಫಿಲ್ಟರ್ ಪರೀಕ್ಷೆಯ ಗುರುತು) 58, ಕಾರ್ಬನ್ ಆದರೆ 53 ಇರಬೇಕು. ಬರೀ 53 ಅಂತ ಇದ್ದರೆ ಸಾಲದು, ಅದು ಸೀಸಕ್ಕೆ ಮಾತ್ರ ಕೊಟ್ಟದ್ದಿರಬಹುದು. ಪಿಫಾಸ್ ಅಥವಾ ಪಿಎಫ್‌ಒಎ ಹೆಸರು ಬರೆದಿದೆಯಾ ನೋಡಿ. ಕಾರ್ಬನ್ ಕಾರ್ಟ್ರಿಡ್ಜ್ ತುಂಬಿಹೋದರೆ ಹಿಡಿದಿಟ್ಟಿದ್ದನ್ನೂ ಬಿಡಬಹುದು, ಅದಕ್ಕೇ ತಾರೀಕು ಬರೆದಿಟ್ಟು ಬದಲಿಸಿ. ಕುಡಿಯಲು, ಕಾಫಿಗೆ, ಸಾರಿಗೆ, ಅನ್ನಕ್ಕೆ ಈ ನೀರು. ಪುಟ್ಟ ಮಗುವಿನ ಪುಡಿ ಹಾಲಿಗಂತೂ ಇದೇ. ಸ್ನಾನಕ್ಕೆ, ಪಾತ್ರೆಗೆ ನಲ್ಲಿ ನೀರೇ ಸಾಕು, ಚರ್ಮದಿಂದ ಒಳಗೆ ಹೋಗುವುದು ತುಂಬಾ ಕಡಿಮೆ.

ಈಗ ತೋಟ. ಪಿಫಾಸ್ ಎಲೆಗೆ ಜಾಸ್ತಿ ಏರುತ್ತದೆ, ಕಾಯಿ-ಹಣ್ಣಿಗೆ ಕಡಿಮೆ. ಹಾಗಾಗಿ ಟೊಮೆಟೊ, ಬದನೆ, ಹೀರೆಗೆ ನಾನು ನಲ್ಲಿ ನೀರನ್ನೇ ಬಿಡುತ್ತೇನೆ. ಹರಿವೆ, ಮೆಂತ್ಯ, ದಂಟಿಗೆ ಡ್ರಮ್ಮಿನಲ್ಲಿ ಹಿಡಿದ ಮಳೆ ನೀರು. ಮಳೆ ನೀರಲ್ಲೂ ಅಷ್ಟಿಷ್ಟು ಇರುತ್ತದೆ, ಆದರೂ ನಿಮ್ಮ 18ಕ್ಕಿಂತ ಕಡಿಮೆ ಇರುವ ಸಾಧ್ಯತೆಯೇ ಹೆಚ್ಚು. ಒಂದು ಮಾತು: ಬೆಂಗಳೂರಲ್ಲಿ ಆರ್‌ಒ ವೇಸ್ಟ್ ನೀರನ್ನು ಗಿಡಕ್ಕೆ ಸುರಿಯುತ್ತಿದ್ದೆವಲ್ಲ, ಇಲ್ಲಿ ಸೊಪ್ಪಿನ ಮಡಿಗೆ ಅದನ್ನು ಹಾಕಬೇಡಿ. ಫಿಲ್ಟರ್ ತೆಗೆದದ್ದೆಲ್ಲ ಅದರಲ್ಲೇ ಇರುತ್ತದೆ. ಚೀಲದ ಗೊಬ್ಬರ ಕೊಳ್ಳುವಾಗ ಬಯೋಸಾಲಿಡ್ಸ್ ಅಂತ ಇದ್ದರೆ ಬಿಟ್ಟುಬಿಡಿ, ಅದು ಚರಂಡಿ ಕೆಸರು. ಅದನ್ನು ಹೊಲಕ್ಕೆ ಹಾಕಿ ಕೆಟ್ಟ ಮೇಲೆ ಮೇನ್ ರಾಜ್ಯ 2022ರಲ್ಲಿ ನಿಷೇಧಿಸಿತು.

ಬಾವಿ ನೀರು ಬಳಸುವವರಿಗೆ: ಸ್ವಂತ ಬಾವಿಗೆ ಈ ಪತ್ರ ಯಾರೂ ಕಳಿಸುವುದಿಲ್ಲ, ನೀವೇ ಲ್ಯಾಬಿಗೆ ಕೊಡಬೇಕು. ಇಪಿಎ ವಿಧಾನ 533 ಅಥವಾ 537.1 ಮಾಡುವ ಲ್ಯಾಬ್ ಕೇಳಿ. ಕೆಲವು ನೂರು ಡಾಲರ್ ಆಗುತ್ತದೆ.

ಅಕ್ಕಾ, ಫಿಲ್ಟರ್ ಕೊಳ್ಳುವ ಮೊದಲು ಪೆಟ್ಟಿಗೆಯ ಫೋಟೊ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.