14 ವರ್ಷದ ವೇಗದ ಬೌಲರ್‌ಗೆ ಎಡಸೊಂಟದ ನೋವು: ಎಕ್ಸ್‌ರೇ ಸರಿಯಿದ್ದರೆ ಬೌಲಿಂಗ್ ಮುಂದುವರಿಸಬಹುದೇ?

ನಿಮ್ಮ ಮಗನಿಗೆ 14 ವರ್ಷ, ಬಲಗೈ ವೇಗದ ಬೌಲರ್, ನೋವು ಸೊಂಟದ ಎಡಭಾಗದಲ್ಲಿ. ಆರು ವಾರ ಕಳೆದರೂ ಹೋಗಿಲ್ಲ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲವಾದ್ದರಿಂದ, ಸ್ನಾಯು ಹಿಡಿದಿದೆ, ಬೆಲ್ಟ್ ಕಟ್ಟಿಕೊಂಡು ಆಡಲಿ ಎಂದು ಕೋಚ್ ಹೇಳುತ್ತಿದ್ದಾರೆ ಎಂದಿದ್ದೀರಿ. ನಾನು ಫಿಸಿಯೋಥೆರಪಿಸ್ಟ್. ನನ್ನ ಬಳಿ ಬರುವವರಲ್ಲಿ ಶಾಲಾ ಕ್ರಿಕೆಟಿಗರೇ ಹೆಚ್ಚು. ನೇರವಾಗಿ ಹೇಳುತ್ತೇನೆ: ಬೌಲಿಂಗ್ ಇಂದೇ ನಿಲ್ಲಿಸಿ. ಈ ವಯಸ್ಸಿನ ವೇಗದ ಬೌಲರ್‌ಗೆ ಸೊಂಟದ ಒಂದೇ ಬದಿಯಲ್ಲಿ ನೋವು ಬಂದರೆ, ಅದು ಮೂಳೆಯದ್ದಲ್ಲ ಎಂದು ಖಚಿತವಾಗುವವರೆಗೂ ಮೂಳೆಯದ್ದೇ ಎಂದುಕೊಂಡು ನಡೆಯಬೇಕು.

ಬಲಗೈ ಬೌಲರ್‌ಗೆ ಎಡಗಡೆ ನೋವು ಬರುವುದು ಆಕಸ್ಮಿಕವಲ್ಲ. ಚೆಂಡು ಬಿಡುವ ಕ್ಷಣದಲ್ಲಿ ಅವನ ಎಡಗಾಲು ನೆಲಕ್ಕೆ ಅಪ್ಪಳಿಸುತ್ತದೆ. ದೇಹದ ತೂಕದ ಐದು ಪಟ್ಟಿಗೂ ಹೆಚ್ಚಿನ ಬಲ ಆ ಕಾಲಿನಿಂದ ಮೇಲಕ್ಕೆ ಬರುತ್ತದೆ. ಅದೇ ಹೊತ್ತಿಗೆ ಬೆನ್ನು ಹಿಂದಕ್ಕೆ ಬಾಗಿ, ಎಡಕ್ಕೆ ವಾಲಿ, ತಿರುಚಿಕೊಂಡಿರುತ್ತದೆ. ಈ ಮೂರೂ ಒಟ್ಟಿಗೆ ಸೇರಿ ಕೊನೆಯ ಎರಡು ಸೊಂಟದ ಕಶೇರುಕಗಳ (ಬೆನ್ನುಮೂಳೆಯ ಮಣಿಗಳ) ಹಿಂಬದಿಯಲ್ಲಿರುವ ಒಂದು ಸಣ್ಣ ಮೂಳೆಸೇತುವೆಯನ್ನು ಒತ್ತುತ್ತವೆ. ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿದರೆ ಬಗ್ಗಿದಲ್ಲೇ ಸೀಳುವಂತೆ ಅಲ್ಲಿ ಬಿರುಕು ಬಿಡುತ್ತದೆ. ವೈದ್ಯರು ಇದನ್ನು ಸ್ಟ್ರೆಸ್ ಫ್ರ್ಯಾಕ್ಚರ್ ಎನ್ನುತ್ತಾರೆ. ವರದಿಯಲ್ಲಿ ಸ್ಪಾಂಡಿಲೋಲಿಸಿಸ್ ಎಂದೂ ಬರೆದಿರಬಹುದು. ಹೆಸರಿನ ಹೋಲಿಕೆ ಕಂಡು, ವಯಸ್ಸಾದವರಿಗೆ ಬರುವ ಸ್ಪಾಂಡಿಲೋಸಿಸ್ ಎಂದು ಗಾಬರಿಯಾಗಬೇಡಿ. ಅದು ಬೇರೆ, ಇದು ಬೇರೆ.

ಎಕ್ಸ್‌ರೇ ಬಗ್ಗೆ ಒಂದು ಮಾತು. ಆರಂಭದ ಹಂತದಲ್ಲಿ ಬಿರುಕು ಎಕ್ಸ್‌ರೇಗೆ ಸಿಗದಿರುವುದೇ ಹೆಚ್ಚು. ಮೂಳೆ ಒಡೆಯುವ ಮೊದಲು ಅದರೊಳಗೆ ಊತ ಬರುತ್ತದೆ, ಅದನ್ನು ತೋರಿಸುವುದು ಎಂಆರ್‌ಐ. ಆ ಹಂತದಲ್ಲೇ ಹಿಡಿದರೆ ವಿಶ್ರಾಂತಿಯಿಂದಲೇ ಗುಣವಾಗುವ ಸಾಧ್ಯತೆ ಚೆನ್ನಾಗಿರುತ್ತದೆ. ಎಡಗಾಲ ಮೇಲೆ ಒಂಟಿಯಾಗಿ ನಿಂತು ನಿಧಾನವಾಗಿ ಹಿಂದಕ್ಕೆ ಬಾಗಿದಾಗ ಅದೇ ಜಾಗದಲ್ಲಿ ಚುಚ್ಚಿದಂತಾದರೆ ಅನುಮಾನ ಬಲವಾಗುತ್ತದೆ, ಆದರೆ ಚುಚ್ಚಲಿಲ್ಲವೆಂದು ನಿರಾಳವಾಗುವಂತಿಲ್ಲ. ಕ್ರೀಡಾ ಗಾಯಗಳನ್ನು ನೋಡುವ ಮೂಳೆತಜ್ಞರಿಗೆ ತೋರಿಸಿ. ಅವನು ವೇಗದ ಬೌಲರ್ ಎಂಬುದನ್ನು ಮೊದಲೇ ತಿಳಿಸಿ. ಬರೀ ಬೆನ್ನುನೋವು ಎಂದರೆ ಮುಲಾಮು ಬರೆದು ಕಳುಹಿಸಿಬಿಡಬಹುದು.

ನೋವಿನ ಮಾತ್ರೆ ನುಂಗಿಸಿ ಪಂದ್ಯ ಆಡಿಸುವುದು ಈ ಸಮಸ್ಯೆಯಲ್ಲಿ ಅತಿ ಕೆಟ್ಟ ದಾರಿ. ನೋವು ಮುಚ್ಚಿಹೋಗುತ್ತದೆ, ಬಿರುಕು ಬೆಳೆಯುತ್ತದೆ. ಉಳುಕು ತೆಗೆಯುವವರ ಬಳಿ ಹೋಗಿ ಬೆನ್ನು ತಿರುಚಿಸಿ ಲಟಕ್ಕೆನಿಸುವುದೂ ಬೇಡ. ಬೆಲ್ಟ್ ಕಟ್ಟಿಕೊಂಡ ಮಾತ್ರಕ್ಕೆ ಬೌಲಿಂಗ್‌ನ ಹೊಡೆತ ಮೂಳೆಗೆ ತಪ್ಪುವುದಿಲ್ಲ.

ಬಿರುಕೇ ಎಂದಾದರೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬೌಲಿಂಗ್ ಇಲ್ಲ. ಇದನ್ನು ಕೇಳಿದ ಹುಡುಗರ ಮುಖ ಬಾಡುತ್ತದೆ, ಅಪ್ಪಂದಿರ ಮುಖ ಇನ್ನೂ ಹೆಚ್ಚು. ಅವರಿಗೆ ನಾನು ಆಸ್ಟ್ರೇಲಿಯಾದ ವೇಗದ ಬೌಲರ್ ಪ್ಯಾಟ್ ಕಮಿನ್ಸ್ ಕಥೆ ಹೇಳುತ್ತೇನೆ. 18ನೇ ವಯಸ್ಸಿನಲ್ಲಿ, 2011ರ ನವೆಂಬರ್‌ನಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಮೊದಲ ಟೆಸ್ಟ್ ಆಡಿದ ಅವರು ಎರಡನೆಯದನ್ನು ಆಡಿದ್ದು 2017ರ ಮಾರ್ಚ್‌ನಲ್ಲಿ, ರಾಂಚಿಯಲ್ಲಿ. ನಡುವಿನ ವರ್ಷಗಳಲ್ಲಿ ಬಹುಪಾಲು ನುಂಗಿದ್ದು ಬೆನ್ನಿನ ಇಂಥ ಗಾಯಗಳೇ. ನಮ್ಮ ಪ್ರಸಿದ್ಧ್ ಕೃಷ್ಣ ಕೂಡ ಸೊಂಟದ ಸ್ಟ್ರೆಸ್ ಫ್ರ್ಯಾಕ್ಚರ್‌ನಿಂದ ತಿಂಗಳುಗಟ್ಟಲೆ ಹೊರಗಿದ್ದು, 2023ರ ಆಗಸ್ಟ್‌ನಲ್ಲಿ ಐರ್ಲೆಂಡ್‌ನಲ್ಲಿ ಭಾರತ ತಂಡಕ್ಕೆ ಮರಳಿದರು. ಅದೇ ಸರಣಿಯಲ್ಲಿ ಬೂಮ್ರಾ ಕೂಡ ಬೆನ್ನಿನ ಶಸ್ತ್ರಚಿಕಿತ್ಸೆಯ ನಂತರ ಮರಳಿದ್ದರು. ನಿಮ್ಮ ಮಗನಿಗೆ ಶಸ್ತ್ರಚಿಕಿತ್ಸೆಯ ಯೋಚನೆ ಬೇಡ, ಈ ವಯಸ್ಸಿನಲ್ಲಿ ಅದರ ಅಗತ್ಯ ಬೀಳುವುದು ವಿರಳ.

ವಿಶ್ರಾಂತಿ ಎಂದರೆ ಮಂಚದ ಮೇಲೆ ಮಲಗಿರುವುದಲ್ಲ. ನೋವು ಇಳಿದಂತೆ ಹೊಟ್ಟೆ, ಸೊಂಟ, ಪೃಷ್ಠದ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ, ತೊಡೆಯ ಹಿಂಭಾಗದ ಬಿಗಿತ ಸಡಿಲಿಸುವುದು, ಕೊನೆಗೆ ಓಟ. ಆಮೇಲೆ ಅರ್ಧ ವೇಗದಲ್ಲಿ ಕೆಲವೇ ಎಸೆತಗಳು. ಈ ಬಿಡುವಿನಲ್ಲಿ ಅವನ ಆ್ಯಕ್ಷನ್ ಅನ್ನು ವಿಡಿಯೊದಲ್ಲಿ ನೋಡಿಸಿ. ಸೊಂಟ ಬ್ಯಾಟರ್‌ನತ್ತ ಮುಖ ಮಾಡಿದ್ದು ಭುಜ ಪಕ್ಕಕ್ಕೆ ತಿರುಗಿದ್ದರೆ, ಅಂದರೆ ಮಿಶ್ರ ಆ್ಯಕ್ಷನ್ ಇದ್ದರೆ, ಬೆನ್ನಿಗೆ ಅಪಾಯ ಹೆಚ್ಚು. ಅದನ್ನು ತಿದ್ದಲು ಇದಕ್ಕಿಂತ ಒಳ್ಳೆಯ ಕಾಲ ಸಿಗದು.

ಆದರೆ ನನ್ನ ಮಟ್ಟಿಗೆ ಆ್ಯಕ್ಷನ್‌ಗಿಂತ ದೊಡ್ಡ ಸಮಸ್ಯೆ ಲೆಕ್ಕವಿಲ್ಲದ ಎಸೆತಗಳು. ಶಾಲಾ ತಂಡದ ಕೋಚ್‌ಗೆ ಅಕಾಡೆಮಿಯ ಲೆಕ್ಕ ಗೊತ್ತಿಲ್ಲ, ಅಕಾಡೆಮಿಗೆ ಲೀಗ್ ಪಂದ್ಯದ್ದು ಗೊತ್ತಿಲ್ಲ, ಸಂಜೆ ಬೀದಿಯಲ್ಲಿ ಟೆನಿಸ್ ಚೆಂಡಿನಲ್ಲಿ ಎಸೆದದ್ದು ಯಾರಿಗೂ ಗೊತ್ತಿಲ್ಲ. ಟೆನಿಸ್ ಚೆಂಡು ಹಗುರವೆಂದು ಬೆನ್ನಿಗೆ ರಿಯಾಯಿತಿ ಇಲ್ಲ. ನೆಲಕ್ಕೆ ಅಪ್ಪಳಿಸುವುದು ಅದೇ ದೇಹ, ಅದರಲ್ಲೂ ಸಿಮೆಂಟ್ ನೆಲಕ್ಕೆ. ಇಂಗ್ಲೆಂಡ್‌ನ ಕ್ರಿಕೆಟ್ ಮಂಡಳಿ ಮಕ್ಕಳ ವೇಗದ ಬೌಲಿಂಗ್‌ಗೆ ವಯಸ್ಸಿಗೆ ತಕ್ಕ ಮಿತಿ ಹಾಕಿದೆ. 14-15ರ ವಯೋಮಿತಿಯ ತಂಡಗಳಿಗೆ ಒಂದು ಸ್ಪೆಲ್‌ನಲ್ಲಿ (ಬಿಡುವಿಲ್ಲದೆ ಒಂದೇ ಸರದಿಯಲ್ಲಿ) 6 ಓವರ್, ದಿನಕ್ಕೆ 12 ಎಂಬುದು ಅಲ್ಲಿ ಬಹುಕಾಲ ಬಳಕೆಯಲ್ಲಿದ್ದ ಮಿತಿ. ಎತ್ತರ ಸರಸರನೆ ಏರುತ್ತಿರುವ ತಿಂಗಳುಗಳಲ್ಲಿ ನಾನು ಅದಕ್ಕಿಂತಲೂ ಕಡಿಮೆ ಇಡಿಸುತ್ತೇನೆ. ಈ ಮೂಳೆಗಳು ಪೂರ್ತಿ ಗಟ್ಟಿಯಾಗಲು ಇಪ್ಪತ್ತರ ಹರೆಯ ಬೇಕು.

ಕುತ್ತಿಗೆಯೂ ಆಗಾಗ ನೋಯುತ್ತದೆ ಎಂದು ಬರೆದಿದ್ದೀರಿ. ಅದು ಹೆಚ್ಚಾಗಿ ಒಂದೇ ಹೆಗಲಿಗೆ ಕಿಟ್ ಬ್ಯಾಗ್ ನೇತುಹಾಕುವುದರಿಂದ, ರಾತ್ರಿ ತಲೆ ಬಗ್ಗಿಸಿ ಮೊಬೈಲ್ ನೋಡುವುದರಿಂದ ಬರುವ ಸ್ನಾಯುನೋವು. ಆದರೆ ಬಿದ್ದು ಅಥವಾ ಡಿಕ್ಕಿಯಾಗಿ ಕುತ್ತಿಗೆ ನೋವು ಬಂದರೆ, ಮುಖ್ಯವಾಗಿ ಕಬಡ್ಡಿಯಂಥ ಆಟದಲ್ಲಿ, ತಲೆ ಅಲುಗಿಸದಂತೆ ನೋಡಿಕೊಂಡು ಆಂಬುಲೆನ್ಸ್ ಕರೆಯಬೇಕು.

ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಜ್ವರ, ತೂಕ ಇಳಿಕೆ ಇದ್ದರೆ ಕಾಯಬೇಡಿ. ನಮ್ಮಲ್ಲಿ ಬೆನ್ನುಮೂಳೆಯ ಕ್ಷಯ ಇನ್ನೂ ಇದೆ. ಕಾಲಿನಲ್ಲಿ ಬಲ ಕುಂದಿದರೆ, ಜೋಮು ಹಿಡಿದರೆ ಅಥವಾ ಮೂತ್ರ-ಮಲದ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಎಂಆರ್‌ಐ ಆದ ಮೇಲೆ, ಎಷ್ಟನೇ ಕಶೇರುಕ, ಒಂದು ಬದಿಯೋ ಎರಡೂ ಬದಿಯೋ, ಮೂಳೆಯೊಳಗೆ ಊತವಿದೆಯೋ ಎಂಬುದನ್ನು ವೈದ್ಯರಿಂದ ಕೇಳಿ ಬರೆದುಕೊಳ್ಳಿ. ಎಷ್ಟು ತಿಂಗಳ ಬಿಡುವು ಎಂಬುದು ಮುಖ್ಯವಾಗಿ ಆ ಮೂರು ಉತ್ತರಗಳ ಮೇಲೆ ನಿಂತಿದೆ. ಅವುಗಳನ್ನು ಇಲ್ಲಿ ಹಾಕಿದರೆ ವ್ಯಾಯಾಮದ ಕ್ರಮವನ್ನು ವಿವರವಾಗಿ ಬರೆಯುತ್ತೇನೆ.